ನಿಮಗಿದು ಗೊತ್ತೇ? ಡಾಕ್ಟರ ಚೀಟಿಯಲ್ಲಿ ಬರೆಯದ ಸಂಗತಿಗಳು

● ಕ್ಷಯದ ಮಾತ್ರೆ ಶುರುವಾದ ಮೊದಲ ದಿನವೇ ಮೂತ್ರ ಕಿತ್ತಳೆಗೆಂಪು ಬಣ್ಣಕ್ಕೆ ತಿರುಗಬಹುದು. ಅದು ರಕ್ತವಲ್ಲ, ರಿಫಾಂಪಿಸಿನ್ ಎಂಬ ಔಷಧದ ಬಣ್ಣ. ಬೆವರು, ಕಣ್ಣೀರಿಗೂ ಅದೇ ಬಣ್ಣ ಬರುವುದುಂಟು. ಇದನ್ನು ಮೊದಲೇ ತಿಳಿಸಲು ಅರ್ಧ ನಿಮಿಷ ಸಾಕು. ತಿಳಿಸದಿದ್ದರೆ ರೋಗಿ ಗಾಬರಿಬಿದ್ದು ಮಾತ್ರೆಯನ್ನೇ ಬಿಟ್ಟರೂ ಆಶ್ಚರ್ಯವಿಲ್ಲ.

● ಆರು ತಿಂಗಳ ಮಾತ್ರೆ ಯಾಕೆ? ಕರುಳಿನಲ್ಲಿರುವ ಇ-ಕೊಲೈ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಅದೇ ಕೆಲಸಕ್ಕೆ 15ರಿಂದ 20 ಗಂಟೆ ಬೇಕು. ಔಷಧಗಳು ಹೆಚ್ಚಾಗಿ ಸಾಯಿಸುವುದು ಬೆಳೆಯುತ್ತಿರುವ ಕ್ರಿಮಿಗಳನ್ನು. ಸದ್ದಿಲ್ಲದೆ ಬಿದ್ದುಕೊಂಡವು ತಪ್ಪಿಸಿಕೊಂಡು ಕಾಯುತ್ತಿರುತ್ತವೆ. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ತಗ್ಗಿ, ಹಸಿವು ಹೆಚ್ಚಿ, ಮೈ ತುಂಬಿಕೊಳ್ಳುತ್ತದೆ. ‘ವಾಸಿಯಾಯ್ತಲ್ಲ’ ಅಂತ ಜನ ಮಾತ್ರೆ ಬಿಡುವುದೂ ಆಗಲೇ. ಉಳಿದ ಕ್ರಿಮಿಗಳು ಮತ್ತೆ ತಲೆಯೆತ್ತಿದಾಗ ಹಳೆಯ ಔಷಧಕ್ಕೆ ಬಗ್ಗದೇ ಇರಬಹುದು.

● ಕೂದಲು, ಉಗುರು ಬಿಟ್ಟರೆ ದೇಹದ ಬೇರಾವ ಭಾಗಕ್ಕಾದರೂ ಕ್ಷಯ ಬರಬಹುದು. ಹಾಗಂತ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಅದು ಹರಡುವುದು ಗಾಳಿಯಲ್ಲಿ, ಊಟದ ತಟ್ಟೆಯಲ್ಲಿ ಅಲ್ಲ. ಕಿಟಕಿ ತೆರೆದಿಡಿ.

● ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಹೆಸರಿನಲ್ಲಿರುವ ಪಿ ಮತ್ತು ಕೆ ಯಾರು? ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ಕ್ಷಯಕ್ಕೇ ಬಲಿಯಾದ ಮೈಸೂರು ಅರಮನೆಯ ರಾಜಕುಮಾರಿ. ಇದು ಬಡವರ ಕಾಯಿಲೆ ಎನ್ನುವವರಿಗೆ ಬೇರೆ ಉತ್ತರ ಬೇಕಿಲ್ಲ.

● ಆಗೆಲ್ಲ ಸ್ಯಾನಿಟೋರಿಯಂ ಅಂದರೆ ಶುದ್ಧ ಗಾಳಿ, ಒಳ್ಳೆಯ ಊಟ, ತಿಂಗಳುಗಟ್ಟಲೆ ವಿಶ್ರಾಂತಿ. ಮದರಾಸಿನ ಸಂಶೋಧಕರು ಕೆಲವು ರೋಗಿಗಳನ್ನು ಅಲ್ಲಿ ಇರಿಸಿ ಔಷಧ ಕೊಟ್ಟು, ಉಳಿದವರಿಗೆ ಅವರವರ ಇಕ್ಕಟ್ಟಿನ ಮನೆಗಳಲ್ಲೇ ಅದೇ ಔಷಧ ಕೊಟ್ಟು ನೋಡಿದರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು: ಗುಣವಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ! ರೋಗಿ ಮನೆಯಲ್ಲಿದ್ದ ಮಾತ್ರಕ್ಕೆ ಮನೆಮಂದಿಗೆ ಹೆಚ್ಚಾಗಿ ಅಂಟಿರಲೂ ಇಲ್ಲ. ಕ್ಷಯ ರೋಗಿಯನ್ನು ಊರಾಚೆ ಇಡುವ ಪದ್ಧತಿ ಜಗತ್ತಿನಾದ್ಯಂತ ಸಡಿಲವಾದದ್ದು ಈ ಅಧ್ಯಯನದ ಬಲದಿಂದ.

● ಇನ್ನೊಂದು ಅಧ್ಯಯನ ನಮ್ಮ ತುಮಕೂರು ಜಿಲ್ಲೆಯದು. ಇದಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸೆನ್ 1963ರಲ್ಲಿ ಪ್ರಕಟಿಸಿದ್ದು. ಎಕ್ಸ್‌ರೇ ತೆಗೆದು ಕ್ಷಯ ಪತ್ತೆ ಮಾಡಿದ ಹಳ್ಳಿಗರ ಬಳಿ ಹೋಗಿ, ‘ನಿಮಗೆ ಏನಾದರೂ ತೊಂದರೆ ಅನ್ನಿಸಿತ್ತೇ? ಏನು ಮಾಡಿದಿರಿ?’ ಎಂದು ವಿಚಾರಿಸಿದರು. ಬಹುತೇಕ ಎಲ್ಲರಿಗೂ ತಮ್ಮ ಕಾಯಿಲೆಯ ಲಕ್ಷಣ ಗೊತ್ತಾಗಿತ್ತು. ಹೆಚ್ಚಿನವರು ಅದರ ಬಗ್ಗೆ ಚಿಂತೆಯನ್ನೂ ಮಾಡಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಆದರೆ ಅಲ್ಲಿ ಕಫ ಪರೀಕ್ಷೆಯ ಬದಲು ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸುವುದೇ ವಾಡಿಕೆಯಾಗಿತ್ತು. ‘ಹಳ್ಳಿ ಜನಕ್ಕೆ ತಿಳಿವಳಿಕೆ ಕಮ್ಮಿ’ ಎಂದು ಈಗಲೂ ಹೇಳುವವರಿದ್ದಾರೆ. ಅವರೊಮ್ಮೆ ಇದನ್ನು ಓದಬೇಕು. ತಿಳಿವಳಿಕೆ ಬೇಕಾಗಿದ್ದದ್ದು ಮೇಜಿನ ಆಚೆ ಬದಿಗೆ.

● ಎರಡು ವಾರ ಮೀರಿದ ಕೆಮ್ಮಿಗೆ ಇಂದಿಗೂ ಅದೇ ಮೊದಲ ಹೆಜ್ಜೆ: ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಔಷಧವೂ ಉಚಿತ. ಪೌಷ್ಟಿಕ ಆಹಾರಕ್ಕೆಂದು ರೋಗಿಯ ಬ್ಯಾಂಕ್ ಖಾತೆಗೆ ಬರುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಲಾಗಿದೆ. ಕೇಳಿ ಪಡೆಯಿರಿ.

● ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಅದಕ್ಕೇ ಕ್ಷಯ ಪತ್ತೆಯಾದವರಿಗೆಲ್ಲ ಶುಗರ್ ಟೆಸ್ಟ್ ಮಾಡುತ್ತಾರೆ. ‘ಇದಕ್ಕೂ ಅದಕ್ಕೂ ಏನು ಸಂಬಂಧ, ದುಡ್ಡು ಕೀಳೋಕೆ’ ಅಂದುಕೊಳ್ಳಬೇಡಿ.

● ಟೆಸ್ಟ್‌ಗೆ ಹೋಗುವ ಎರಡು ದಿನ ಮುಂಚೆ ಮಾತ್ರ ಪಥ್ಯ ಮಾಡುವ ಜಾಣರಿದ್ದಾರೆ. ಅವರ ಗುಟ್ಟು ಬಯಲು ಮಾಡುವುದು ಎಚ್‌ಬಿಎ1ಸಿ ಪರೀಕ್ಷೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟೂ ದಿನ ರಕ್ತದಲ್ಲಿದ್ದ ಸಕ್ಕರೆ ಆ ಕಣದ ಹಿಮೋಗ್ಲೋಬಿನ್‌ಗೆ ಅಂಟುತ್ತಾ ಹೋಗುತ್ತದೆ. ಎರಡು ಮೂರು ತಿಂಗಳ ಲೆಕ್ಕ ಅಲ್ಲಿ ದಾಖಲಾಗಿರುತ್ತದೆ. ಹೋದ ತಿಂಗಳಿನ ಮದುವೆ ಊಟವೂ ಸೇರಿ.

● ‘ಅನ್ನ ಬಿಟ್ಟಿದ್ದೀನಿ, ಈಗ ಬರೀ ಮುದ್ದೆ’ ಎನ್ನುವವರಿಗೆ: ರಾಗಿಯಲ್ಲೂ ಸುಮಾರು ಮೂರನೇ ಎರಡು ಭಾಗ ಕಾರ್ಬೋಹೈಡ್ರೇಟ್ ಇದೆ. ನಾರು, ಕ್ಯಾಲ್ಸಿಯಂ ಅಕ್ಕಿಗಿಂತ ಎಷ್ಟೋ ಹೆಚ್ಚು, ನಿಜ. ಆದರೆ ದೊಡ್ಡ ದೊಡ್ಡ ಎರಡು ಮುದ್ದೆ ನುಂಗಿದರೆ ಶುಗರ್ ಏರಿಯೇ ಏರುತ್ತದೆ. ಗಾತ್ರ ಇಳಿಸಿ, ಸೊಪ್ಪಿನ ಸಾರು, ಕಾಳು ಹೆಚ್ಚಿಸಿ. ಸಕ್ಕರೆ ಬದಲು ಬೆಲ್ಲದ ಕಾಫಿ ಕುಡಿಯುವವರ ಬಗ್ಗೆ ಏನೂ ಹೇಳುವುದಿಲ್ಲ.

● ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತು. ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಫ್ರಿಜ್ ಇಲ್ಲದ ಮನೆಯಲ್ಲಿ ನೀರು ಜಿನುಗುವ ಮಣ್ಣಿನ ಮಡಕೆ ಬೇಸಿಗೆಯಲ್ಲಿ ಕೆಲಸಕ್ಕೆ ಬರುತ್ತದೆ. ಸೀಸೆಗೆ ಮಾತ್ರ ನೀರು ತಾಗದಿರಲಿ.

● ‘ನಿಶ್ಶಕ್ತಿ ಡಾಕ್ಟ್ರೇ, ಒಂದು ಬಾಟಲಿ ಗ್ಲೂಕೋಸ್ ಹಾಕಿ.’ ಶೇಕಡ 5ರ, ಅರ್ಧ ಲೀಟರ್ ಬಾಟಲಿಯಲ್ಲಿ ಇರುವ ಗ್ಲೂಕೋಸ್ 25 ಗ್ರಾಂ. ಅಂದರೆ ಐದಾರು ಚಮಚ ಸಕ್ಕರೆಯಷ್ಟು. ಬಾಯಲ್ಲಿ ಕುಡಿಯಬಲ್ಲವರು ಅದಕ್ಕಾಗಿ ಕೈಗೆ ಸೂಜಿ ಚುಚ್ಚಿಸಿಕೊಂಡು, ನೂರಾರು ರೂಪಾಯಿ ತೆತ್ತು ಬರುತ್ತಾರೆ.

● ಮಾತ್ರೆಯ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದೆಯೇ? ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು ಎಂದರ್ಥ. ಆ್ಯಂಟಿಬಯೋಟಿಕ್‌ಗಳ ಮೇಲೆ ಇದನ್ನು ನೋಡಬಹುದು. ವೈರಸ್‌ನಿಂದ ಬಂದ ನೆಗಡಿಗೆ ಅವು ಏನೂ ಮಾಡವು.

● ‘ಬಿಪಿ ನಾರ್ಮಲ್ ಬಂದಿದೆ, ಮಾತ್ರೆ ನಿಲ್ಲಿಸಲೇ?’ ಮಾತ್ರೆ ನುಂಗುತ್ತಿರುವುದರಿಂದಲೇ ಅದು ನಾರ್ಮಲ್. ಇನ್ನು ಕಾಫಿ ಕುಡಿದು, ಮೆಟ್ಟಿಲು ಹತ್ತಿ ಬಂದ ಕೂಡಲೇ ಅಳೆಸಿದರೆ ಅಂಕಿ ಹೆಚ್ಚೇ ಬರುತ್ತದೆ. ಐದು ನಿಮಿಷ ಸುಮ್ಮನೆ ಕುಳಿತು, ಮಾತಾಡದೆ ಅಳೆಸಿ.

● ನಾಯಿ ಕಚ್ಚಿದ ಗಾಯಕ್ಕೆ ಮೆಣಸಿನಪುಡಿ, ಸುಣ್ಣ ಹಚ್ಚುವವರು ಇನ್ನೂ ಇದ್ದಾರೆ. ರೇಬಿಸ್ ವೈರಸ್ಸಿನ ಹೊರಪದರ ಕೊಬ್ಬಿನದು. ಅದು ಸೋಪಿಗೆ ಕರಗುತ್ತದೆ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂಬ ಹೆದರಿಕೆ ಬೇಡ. ಆ ಕಾಲ ಮುಗಿದಿದೆ, ಈಗ ತೋಳಿಗೆ ನಾಲ್ಕೈದು ಬಾರಿ ಲಸಿಕೆ, ಅಷ್ಟೆ. ಗಾಯದಲ್ಲಿ ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಬೇಕೇ ಎಂದೂ ಕೇಳಿ.

● 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ವಿಜ್ಞಾನಿಗಳಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಮೇಲೆ ಗೊತ್ತಾದದ್ದು ಹೊಸದೇ ವೈರಸ್. ಮಂಗನ ಕಾಯಿಲೆ ಎಂಬ ಹೆಸರಿದ್ದರೂ ಮನುಷ್ಯನಿಗೆ ಅದನ್ನು ದಾಟಿಸುವುದು ಉಣುಗು. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಹಾಗಾಗಿ ಜ್ವರ ಬಂದವರ ಮನೆಯಿಂದ ದೂರ ಸರಿಯಬೇಕಿಲ್ಲ, ಸತ್ತ ಮಂಗದಿಂದ ಮಾತ್ರ ದೂರವಿರಿ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗುಗಳು ಸುತ್ತಲಿನ ತರಗೆಲೆಗೆ ಇಳಿಯುತ್ತವೆ. ಕೊಟ್ಟಿಗೆಗೆ ಸೊಪ್ಪು, ತರಗು ತರಲು ಹೋದವರ ಮೈ ಹತ್ತುವುದು ಹಾಗೆ. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಆಶಾ ಕಾರ್ಯಕರ್ತೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಸೋಪು ಹಾಕಿ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಹಾಸಿಗೆಯ ಮೇಲೆ ಎಸೆಯದೆ ನೇರ ಬಿಸಿನೀರಿಗೆ ಹಾಕಿ.