ಹದಿನೈದು ಸಾವಿರ ಗಂಟೆಗಳು

ಒಂದೇ ನಗರದ ಎರಡು ಶಾಲೆಗಳಿಗೆ ಒಂದೇ ಬಗೆಯ ಮನೆಗಳಿಂದ ಮಕ್ಕಳು ಬರುತ್ತಾರೆ. ಆದರೂ ಒಂದರಲ್ಲಿ ಕಲಿಕೆ ಹುಲುಸಾಗಿ ಬೆಳೆಯುತ್ತದೆ, ಇನ್ನೊಂದರಲ್ಲಿ ಸೊರಗುತ್ತದೆ. ಇದಕ್ಕೆ ಕಾರಣವೇನು?

1966ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ಅವರ ಸಂಗಡಿಗರು ಒಂದು ವರದಿಯನ್ನು ಪ್ರಕಟಿಸಿದರು. ಸುಮಾರು 6 ಲಕ್ಷ ವಿದ್ಯಾರ್ಥಿಗಳನ್ನು ಕುರಿತ ಆ ಸಮೀಕ್ಷೆಯಲ್ಲಿ, ಮಕ್ಕಳ ಕಲಿಕೆಯ ಅಂತರಕ್ಕೆ ಶಾಲೆಯ ಸಲಕರಣೆಗಳಿಗಿಂತ ಮನೆಯ ಸ್ಥಿತಿಗತಿಗಳೊಡನೆಯೇ ಹೆಚ್ಚಿನ ಸಂಬಂಧವಿರುವುದು ಕಂಡುಬಂದಿತು. ಹಾಗಾದರೆ ಬಡವರ ಮಕ್ಕಳಿಗೆ ಶಾಲೆಯಿಂದ ದೊರೆಯುವ ಪ್ರಯೋಜನ ಅತ್ಯಲ್ಪವೆಂದು ಹಲವರು ನಿರಾಶರಾದರು.

ಆ ನಿರಾಶೆಯನ್ನು ಪರೀಕ್ಷೆಗೊಡ್ಡಿದವರಲ್ಲಿ ಇಂಗ್ಲೆಂಡಿನ ಮನೋವೈದ್ಯ ಮೈಕೆಲ್ ರಟ್ಟರ್ ಪ್ರಮುಖರು. ಅವರೂ ಅವರ ಸಹೋದ್ಯೋಗಿಗಳೂ ಲಂಡನ್ ನಗರದ 12 ಪ್ರೌಢಶಾಲೆಗಳನ್ನು ಹಲವು ವರ್ಷ ಅಭ್ಯಾಸ ಮಾಡಿ, 1979ರಲ್ಲಿ ‘ಹದಿನೈದು ಸಾವಿರ ಗಂಟೆಗಳು’ ಎಂಬ ಅರ್ಥದ ಹೆಸರುಳ್ಳ ಗ್ರಂಥವನ್ನು ಹೊರತಂದರು. ಐದನೆಯ ವಯಸ್ಸಿನಿಂದ ಶಾಲೆಯನ್ನು ಬಿಡುವವರೆಗೆ ಅಲ್ಲಿನ ಮಗುವೊಂದು ಶಾಲೆಯಲ್ಲಿ ಕಳೆಯುವ ಕಾಲ ಸುಮಾರು ಅಷ್ಟು.

ಮಕ್ಕಳು ಪ್ರೌಢಶಾಲೆಗೆ ಸೇರುವಾಗಲೇ ಅವರಲ್ಲಿದ್ದ ವ್ಯತ್ಯಾಸಗಳನ್ನು ಸಂಶೋಧಕರು ಲೆಕ್ಕಕ್ಕೆ ತೆಗೆದುಕೊಂಡರು. ಅನಂತರವೂ ಹಾಜರಿ, ನಡತೆ, ಪರೀಕ್ಷಾ ಫಲಿತಾಂಶಗಳಲ್ಲಿ ಶಾಲೆಗಳ ನಡುವೆ ಅಂತರ ಉಳಿಯಿತು. ಕಟ್ಟಡದ ಹಳತನವಾಗಲಿ ಶಾಲೆಯ ಗಾತ್ರವಾಗಲಿ ಆ ಅಂತರವನ್ನು ವಿವರಿಸಲಿಲ್ಲ. ದಿನನಿತ್ಯದ ನಡೆವಳಿಕೆ ಬಹುಮಟ್ಟಿಗೆ ವಿವರಿಸಿತು. ಉತ್ತಮ ಶಾಲೆಗಳಲ್ಲಿ ಪಾಠಗಳು ಹೊತ್ತಿಗೆ ಸರಿಯಾಗಿ ಆರಂಭವಾಗುತ್ತಿದ್ದವು. ಅಧ್ಯಾಪಕರು ಮನೆಗೆಲಸವನ್ನು ಕೊಟ್ಟು ತಿದ್ದುತ್ತಿದ್ದರು. ಒಳ್ಳೆಯ ಕೆಲಸಕ್ಕೆ ಮೆಚ್ಚುಗೆಯ ಮಾತು ದೊರೆಯುತ್ತಿತ್ತು. ವಿದ್ಯಾರ್ಥಿಗಳೂ ಶಾಲೆಯ ಹೊಣೆಗಳನ್ನು ಹೊರುತ್ತಿದ್ದರು.

ಪೀಟರ್ ಮಾರ್ಟಿಮೋರ್ ಮತ್ತು ಸಂಗಡಿಗರು ಲಂಡನ್ನಿನ 50 ಕಿರಿಯರ ಶಾಲೆಗಳಲ್ಲಿ ಸುಮಾರು 2,000 ಮಕ್ಕಳ ಬೆಳವಣಿಗೆಯನ್ನು ನಾಲ್ಕು ವರ್ಷ ಗಮನಿಸಿ, 1988ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಮುಖ್ಯೋಪಾಧ್ಯಾಯರಲ್ಲಿ ಸ್ಪಷ್ಟವಾದ ಗುರಿ, ನಿರ್ಧಾರಗಳಲ್ಲಿ ಅಧ್ಯಾಪಕರ ಪಾಲು, ತಂದೆತಾಯಿಯರ ಸಹಕಾರ, ಇವು ಉತ್ತಮ ಶಾಲೆಗಳ ಲಕ್ಷಣಗಳೆಂದು ಅವರು ಕಂಡುಕೊಂಡರು.

ಕಟ್ಟಡ, ಪುಸ್ತಕ, ಪ್ರಯೋಗಶಾಲೆಗಳು ಅನಗತ್ಯವೆಂದು ಇದರ ಅರ್ಥವಲ್ಲ. ಮನೆಯ ಬಡತನದ ಪರಿಣಾಮವನ್ನು ಶಾಲೆಯೊಂದೇ ಅಳಿಸಲಾರದೆಂಬುದೂ ನಿಜ. ಆದರೆ ಒಂದೇ ಬಗೆಯ ಮಕ್ಕಳನ್ನು ಪಡೆದ ಶಾಲೆಗಳು ಒಂದೇ ಬಗೆಯ ಫಲವನ್ನು ಕೊಡಲಿಲ್ಲ. ಆದುದರಿಂದ ಶಾಲೆಯನ್ನು ಸುಧಾರಿಸಬಯಸುವವರು ಹೊಸ ಕಟ್ಟಡಕ್ಕಾಗಿ ಕಾದು ಕುಳಿತಿರಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ತೊಡಗುವ ಪಾಠ, ತಪ್ಪದೆ ತಿದ್ದಿದ ಪುಸ್ತಕ, ವಿದ್ಯಾರ್ಥಿಯಲ್ಲಿಟ್ಟ ನಂಬಿಕೆ, ಇವುಗಳಿಂದಲೇ ಆ ಕಾರ್ಯ ಆರಂಭವಾಗಬಲ್ಲದು.