ಹಡಗಿನ ನೆತ್ತಿಯ ಮೇಲೊಂದು ಕರ್ಚೀಫ್

ಇವತ್ತಿನ ಮಾತು ಬಸ್‌ಸ್ಟ್ಯಾಂಡ್‌ನಿಂದ ಶುರು ಮಾಡೋಣ. ಹಬ್ಬದ ಹಿಂದಿನ ದಿನ, ಮೆಜೆಸ್ಟಿಕ್. ಬಸ್ಸು ಇನ್ನೂ ಸರಿಯಾಗಿ ನಿಂತಿರಲ್ಲ, ಅಷ್ಟರಲ್ಲಿ ಕಿಟಕಿಯಿಂದ ಕರ್ಚೀಫು, ಟವೆಲ್ಲು, ಬ್ಯಾಗು ಎಲ್ಲಾ ಒಳಗೆ ಹೋಗಿರುತ್ತೆ. ಕರ್ಚೀಫ್ ಬಿತ್ತು ಅಂದ್ರೆ ಸೀಟು ನಮ್ಮದು. ಕಾನೂನಿನಲ್ಲಿ ಇದಕ್ಕೆ ಬೆಲೆ ಇಲ್ಲ, ಆದ್ರೆ ಬಸ್ಸಿನಲ್ಲಿ ಇದೆ.

ಇದನ್ನು ನಾವು ನಮ್ಮ ಊರಿನ ಅಭ್ಯಾಸ ಅಂದ್ಕೊಂಡಿದ್ದೇವೆ. ಅಲ್ಲ. ಲಕ್ಷಾಂತರ ರೂಪಾಯಿ ಕೊಟ್ಟು ಐಷಾರಾಮಿ ಕ್ರೂಸ್ ಹಡಗು ಹತ್ತಿದವರೂ ಇದನ್ನೇ ಮಾಡ್ತಾರೆ. ಬೆಳಗ್ಗೆ ಬೇಗ ಎದ್ದು ಮೇಲಿನ ಡೆಕ್‌ಗೆ ಹೋಗಿ, ಈಜುಕೊಳದ ಪಕ್ಕದ ಒರಗು ಕುರ್ಚಿ ಮೇಲೆ ಟವೆಲ್ ಹಾಸಿ, ಮೇಲೊಂದು ಪುಸ್ತಕ, ಒಂದು ಜೊತೆ ಚಪ್ಪಲಿ ಇಟ್ಟು, ವಾಪಸ್ ಬಂದು ಮಲಗ್ತಾರೆ. ಕುರ್ಚಿ ಮಧ್ಯಾಹ್ನದವರೆಗೂ ಖಾಲಿ. ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡ ತಾಯಿ ನಿಂತೇ ಇರ್ತಾಳೆ. ಇಂಥವರಿಗೆ ಕ್ರೂಸ್ ಲೋಕದಲ್ಲಿ ‘ಚೇರ್ ಹಾಗ್’ ಅಂತ ಹೆಸರೇ ಬಿದ್ದಿದೆ.

ಪ್ರಶ್ನೆ ಏನಂದ್ರೆ, ಅಷ್ಟು ದೊಡ್ಡ ಹಡಗಿನಲ್ಲಿ ಜಾಗಕ್ಕೆ ಯಾಕೆ ಬರ?

ಈಗ ಅಂಕಿ ನೋಡಿ. ರಾಯಲ್ ಕೆರಿಬಿಯನ್ ಕಂಪನಿಯ ‘ಐಕಾನ್ ಆಫ್ ದಿ ಸೀಸ್’ 2024ರ ಜನವರಿ 27ರಂದು ಮಯಾಮಿಯಿಂದ ಮೊದಲ ಪ್ರಯಾಣ ಹೊರಟಿತು. ಉದ್ದ 365 ಮೀಟರ್. 20 ಡೆಕ್. ಒಂದು ಕೋಣೆಗೆ ಇಬ್ಬರಂತೆ ಹಿಡಿದರೆ 5,610 ಪ್ರಯಾಣಿಕರು, ಎಲ್ಲ ಹಾಸಿಗೆ ತುಂಬಿದರೆ ಏಳು ಸಾವಿರಕ್ಕೂ ಹೆಚ್ಚು. ಸಿಬ್ಬಂದಿ ಬೇರೆ. ನಮ್ಮ ಒಂದು ಹೋಬಳಿ ಕೇಂದ್ರದಷ್ಟು ಜನ, ಒಂದೇ ಸೂರಿನ ಕೆಳಗೆ.

ಇವರೆಲ್ಲ ಬಿಸಿಲು ಕಾಯಿಸಲು ಒಟ್ಟಿಗೆ ಮೇಲೆ ಬಂದರು ಅನ್ನಿ. ಒರಗು ಕುರ್ಚಿ ಸುಮಾರು ಎರಡು ಮೀಟರ್ ಉದ್ದ, ಪಕ್ಕದಲ್ಲಿ ಓಡಾಡಲು ಜಾಗ ಬೇಡವೇ? ಒಬ್ಬರಿಗೆ ಎರಡು ಚದರ ಮೀಟರ್ ಅಂತ ಇಟ್ಟುಕೊಳ್ಳಿ. 5,610 ಜನಕ್ಕೆ 11 ಸಾವಿರ ಚದರ ಮೀಟರ್ ಮೀರುತ್ತೆ, ಅಂದ್ರೆ ಹೆಚ್ಚುಕಡಿಮೆ ಎರಡೂ ಮುಕ್ಕಾಲು ಎಕರೆ. ಹಡಗಿನ ಉದ್ದ, ಅಗಲ ಗುಣಿಸಿದರೆ ಸಿಗೋದೇ ಹದಿನೇಳೂವರೆ ಸಾವಿರ ಚದರ ಮೀಟರ್ ಆಸುಪಾಸು. ಅದರಲ್ಲಿ ಮುಂದಿನ ಚೂಪು ಮೂತಿ ಕಳೆಯಿರಿ, ಹೊಗೆಗೊಳವೆ ಕಳೆಯಿರಿ, ನೀರಿನ ಜಾರುಬಂಡೆ, ರೆಸ್ಟೋರೆಂಟ್, ಲಿಫ್ಟ್ ಕಳೆಯಿರಿ. ಆಮೇಲೆ ಈಜುಕೊಳವನ್ನೂ ಕಳೆಯಿರಿ, ಯಾಕಂದ್ರೆ ನೀರಿನ ಮೇಲೆ ಕುರ್ಚಿ ಹಾಕಕ್ಕಾಗಲ್ಲ. ಎಲ್ಲರಿಗೂ ಕುರ್ಚಿ ಅನ್ನೋದು ಲೆಕ್ಕದಲ್ಲೇ ಕೂರಲ್ಲ. ಕಂಪನಿಗಳೂ ಕೂರಿಸಲು ಹೋಗಲ್ಲ. ಎಲ್ಲರೂ ಒಂದೇ ಹೊತ್ತಿಗೆ ಬರಲ್ಲ ಅನ್ನೋ ನಂಬಿಕೆ ಮೇಲೆ ಹಡಗು ಕಟ್ಟುತ್ತಾರೆ.

ಹಡಗು ದೊಡ್ಡದಾದರೆ ಡೆಕ್ ಕೂಡ ದೊಡ್ಡದಾಗಬೇಕಲ್ವಾ ಅಂತ ನೀವು ಕೇಳಬಹುದು. ಆಗುತ್ತೆ, ಆದ್ರೆ ಅಷ್ಟೇ ವೇಗದಲ್ಲಿ ಅಲ್ಲ. 1988ರಲ್ಲಿ ಇದೇ ಕಂಪನಿಯ ‘ಸಾವರಿನ್ ಆಫ್ ದಿ ಸೀಸ್’ ಬಂತು. ಉದ್ದ 268 ಮೀಟರ್, ಅಗಲ 32, ಪ್ರಯಾಣಿಕರು ಸುಮಾರು 2,250. ಗ್ರಾಸ್ ಟನ್ನೇಜ್ 73 ಸಾವಿರ. ಗ್ರಾಸ್ ಟನ್ನೇಜ್ ಅಂದ್ರೆ ತೂಕ ಅಲ್ಲ, ಹಡಗಿನ ಒಳಗಿನ ಒಟ್ಟು ಜಾಗದ ಅಳತೆ. ಐಕಾನ್‌ನ ಗ್ರಾಸ್ ಟನ್ನೇಜ್ 2,48,663. ಅಂದ್ರೆ ಒಳಗಿನ ಜಾಗ ಮೂರು ಪಟ್ಟಿಗಿಂತ ಹೆಚ್ಚಾಯ್ತು, ಜನ ಎರಡೂವರೆ ಪಟ್ಟಾದರು. ಮೇಲಿನ ವಿಸ್ತೀರ್ಣ? ಬರೀ ಎರಡು ಪಟ್ಟು.

ಇದು ಅಪಾರ್ಟ್‌ಮೆಂಟ್ ಕಥೆಯೇ. ಮೂರು ಮಹಡಿ ಇದ್ದಲ್ಲಿ ಹತ್ತು ಮಹಡಿ ಕಟ್ಟಿದರೆ ಮನೆಗಳು ಹೆಚ್ಚುತ್ತವೆ. ಟೆರೇಸ್ ಮಾತ್ರ ಒಂದೇ. ಆಮೇಲೆ ಬಟ್ಟೆ ಒಣಹಾಕೋ ಹಗ್ಗಕ್ಕೆ ಜಗಳ.

ಸರಿ, ಇರೋ ಜಾಗದಲ್ಲಿ ಒಂದೇ ದೊಡ್ಡ ಈಜುಕೊಳ ಮಾಡಿ ಎಲ್ಲರನ್ನೂ ಇಳಿಸಿಬಿಡಬಹುದಲ್ಲ? ಇಲ್ಲಿ ಇಂಜಿನಿಯರಿಂಗ್ ಬಂದು ಅಡ್ಡ ನಿಲ್ಲುತ್ತೆ. ಒಂದು ಘನ ಮೀಟರ್ ನೀರು ಅಂದ್ರೆ ಒಂದು ಟನ್ ತೂಕ, ಸಮುದ್ರದ ಉಪ್ಪು ನೀರಾದರೆ ಇನ್ನೂ ಸ್ವಲ್ಪ ಜಾಸ್ತಿ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಚಿಕ್ಕ ಕೊಳಕ್ಕೇ 75 ಟನ್ ಆಗುತ್ತೆ. ಇದನ್ನು ಹಡಗಿನ ನೆತ್ತಿ ಮೇಲೆ ಇಡಬೇಕು. ಮೇಲೆ ತೂಕ ಹೆಚ್ಚಿದಷ್ಟೂ ಗುರುತ್ವ ಕೇಂದ್ರ ಮೇಲೇರುತ್ತೆ, ಅಲೆಗೆ ವಾಲಿದ ಹಡಗು ಮತ್ತೆ ನೆಟ್ಟಗಾಗುವ ಶಕ್ತಿ ಕಡಿಮೆಯಾಗುತ್ತೆ. 1912ರ ಟೈಟಾನಿಕ್‌ನಲ್ಲೂ ಈಜುಕೊಳ ಇತ್ತು, ಗೊತ್ತಾ? ಆದ್ರೆ ಅದು ಮೇಲಲ್ಲ, ಕೆಳಗೆ ಎಫ್ ಡೆಕ್‌ನಲ್ಲಿ, ನಾಲ್ಕು ಗೋಡೆ ನಡುವೆ.

ತೂಕಕ್ಕಿಂತ ದೊಡ್ಡ ತಲೆನೋವು ನೀರಿನ ಓಲಾಟ. ಅಗಲವಾದ ತಾಂಬಾಳದಲ್ಲಿ ನೀರು ತುಂಬಿ ಹತ್ತು ಹೆಜ್ಜೆ ನಡೆದು ನೋಡಿ. ಒಂದು ಕಡೆ ಸ್ವಲ್ಪ ವಾಲಿದರೂ ಅಷ್ಟೂ ನೀರು ಆ ಕಡೆಗೇ ನುಗ್ಗಿ, ಇನ್ನಷ್ಟು ವಾಲಿಸುತ್ತೆ. ಅದೇ ನೀರನ್ನು ನಾಲ್ಕು ಚೊಂಬಿಗೆ ಹಂಚಿ ನಡೆಯಿರಿ, ಆರಾಮಾಗಿ ಹೋಗ್ತೀರಿ. ಹಡಗು ಕಟ್ಟುವವರು ಇದನ್ನು ಫ್ರೀ ಸರ್ಫೇಸ್ ಎಫೆಕ್ಟ್ ಅಂತಾರೆ. ಇದರ ಪರಿಣಾಮ ಕೊಳದ ಅಗಲದ ಘನಕ್ಕೆ ತಕ್ಕಂತೆ ಏರುತ್ತೆ. ಅಗಲ ಎರಡು ಪಟ್ಟಾದರೆ ಪರಿಣಾಮ ಎಂಟು ಪಟ್ಟು. ಅದೇ ಒಂದು ಕೊಳದ ನಡುವೆ ಉದ್ದಕ್ಕೂ ಗೋಡೆ ಹಾಕಿ ಎರಡು ಮಾಡಿದರೆ, ಎರಡೂ ಸೇರಿ ಮೊದಲಿನ ಕಾಲು ಭಾಗಕ್ಕೆ ಇಳಿಯುತ್ತೆ. ಐಕಾನ್‌ನಲ್ಲಿ ಒಂದಲ್ಲ, ಏಳು ಈಜುಕೊಳ ಇರೋದಕ್ಕೆ ಮೋಜು ಒಂದೇ ಕಾರಣ ಅಲ್ಲ. ಸಮುದ್ರ ಕೆರಳಿದಾಗ ಕೊಳಕ್ಕೆ ಬಲೆ ಕಟ್ಟಿ, ನೀರು ಖಾಲಿ ಮಾಡೋದೂ ಇದಕ್ಕೇ.

ಹಡಗುಗಳ ಮೇಲಿನ ಅತಿ ದೊಡ್ಡ ಕೊಳ ನಮ್ಮದು ಅಂತ ಈ ಕಂಪನಿ ಹೇಳಿಕೊಂಡ ‘ರಾಯಲ್ ಬೇ’ಯಲ್ಲಿ ಹಿಡಿಯೋದು ಸುಮಾರು ಒಂದೂವರೆ ಲಕ್ಷ ಲೀಟರ್. ಬೇಸಿಗೆಯಲ್ಲಿ ಬೆಂಗಳೂರಿನ ಬೀದಿಗೆ ಬರೋ 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹದಿಮೂರು ಟ್ಯಾಂಕರ್. ಎರಡು ಮೀಟರ್ ಆಳದ ಒಲಿಂಪಿಕ್ ಈಜುಕೊಳಕ್ಕೆ 25 ಲಕ್ಷ ಲೀಟರ್ ಬೇಕು. ಇಷ್ಟೆಲ್ಲ ಪ್ರಚಾರದ ಕೊಳ ಅದರ ಹದಿನಾರನೇ ಒಂದು ಭಾಗ!

ಹಾಗಾದ್ರೆ ಇಷ್ಟೇ ಜಾಗದಲ್ಲಿ ಹೇಗೆ ಸಂಭಾಳಿಸ್ತಾರೆ? ಮೊದಲನೆಯದು, ಮೇಲಕ್ಕೆ ಏರಿಸೋದು. ಜಾರುಬಂಡೆ, ಹಗ್ಗದ ಸೇತುವೆ ಎಲ್ಲಾ ತಲೆ ಮೇಲೆ ಹೋಗುತ್ತೆ, ಕಾಲ ಕೆಳಗಿನ ಜಾಗ ಉಳಿಯುತ್ತೆ. 2021ರಲ್ಲಿ ಬಂದ ಕಾರ್ನಿವಲ್‌ನ ‘ಮಾರ್ಡಿ ಗ್ರಾ’ ಹಡಗಿನ ತುದಿಯಲ್ಲಿ ರೋಲರ್ ಕೋಸ್ಟರೇ ಓಡುತ್ತೆ. ಇದಕ್ಕೂ ಮಿತಿ ಇದೆ, ದಾರಿಯಲ್ಲಿ ಸೇತುವೆಗಳಿವೆ. 2009ರಲ್ಲಿ ‘ಓಯಸಿಸ್ ಆಫ್ ದಿ ಸೀಸ್’ ಫಿನ್ಲೆಂಡ್‌ನಿಂದ ಹೊರಟಾಗ, ಡೆನ್ಮಾರ್ಕ್‌ನ ಸೇತುವೆ ಕೆಳಗೆ ನುಸುಳಲು ಹೊಗೆಗೊಳವೆಗಳನ್ನೇ ಒಳಗೆ ಎಳೆದುಕೊಂಡಿತ್ತು.

ಎರಡನೆಯದು, ಪಕ್ಕಕ್ಕೆ ಚಾಚೋದು. 2018ರ ‘ಸೆಲೆಬ್ರಿಟಿ ಎಡ್ಜ್’ ಹಡಗಿನ ಹೊರಮೈಗೆ ಒಂದು ವೇದಿಕೆ ಇದೆ. ಲಿಫ್ಟ್ ಥರ ಮೇಲೆ ಕೆಳಗೆ ಹೋಗುತ್ತೆ. ಮೇಲಿದ್ದಾಗ ಈಜುಕೊಳದ ಪಕ್ಕದ ಜಗಲಿ, ಕೆಳಗಿಳಿದಾಗ ದೋಣಿ ಹತ್ತುವ ಕಟ್ಟೆ.

ಮೂರನೆಯದು, ಒಂದೇ ಜಾಗಕ್ಕೆ ಹಲವು ಪಾಳಿ. ಬೆಳಗ್ಗೆ ಈಜು, ಮಧ್ಯಾಹ್ನ ಹಾಡು, ರಾತ್ರಿ ಸಿನಿಮಾ. ಪ್ರಿನ್ಸೆಸ್ ಕ್ರೂಸಸ್ 2004ರಲ್ಲೇ ಕೊಳದ ಪಕ್ಕ ದೊಡ್ಡ ಪರದೆ ಹಾಕಿ ಬಯಲು ಚಿತ್ರಮಂದಿರ ಮಾಡಿತು. ಕೆಲವು ಹಡಗುಗಳಲ್ಲಿ ರಾತ್ರಿ ಕೊಳಕ್ಕೆ ಮುಚ್ಚಳ ಹಾಕಿದರೆ ಅದೇ ಕುಣಿಯೋ ನೆಲ. ಮಳೆ ಬಂದರೆ ಸರಿಯುವ ಗಾಜಿನ ಛಾವಣಿ.

ನಾಲ್ಕನೆಯದು, ಜನರನ್ನೇ ಬೇರೆ ಕಡೆ ಸಾಗಿಸೋದು. ಬಹಾಮಾಸ್‌ನಲ್ಲಿ ರಾಯಲ್ ಕೆರಿಬಿಯನ್‌ಗೆ ಕೋಕೋಕೇ ಅನ್ನೋ ಸ್ವಂತ ದ್ವೀಪವೇ ಇದೆ. ಹಡಗಿನಲ್ಲಿ ಹಿಡಿಸದ ಈಜುಕೊಳವನ್ನು 2019ರಲ್ಲಿ ನೆಲದ ಮೇಲೆ ಕಟ್ಟಿದರು. ಅಲ್ಲಿ ಓಲಾಟದ ಭಯ ಇಲ್ಲ ನೋಡಿ! ಹಡಗು ಬಂದರಿನಲ್ಲಿ ನಿಂತ ದಿನವೂ ಇದೇ ಲೆಕ್ಕ. ಚಳಿಗಾಲದಲ್ಲಿ ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಬರುತ್ತಲ್ಲ, ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ ಅಂತ ಬಸ್ ಹತ್ತಿ ಹೊರಡ್ತಾರೆ. ಪಳಗಿದ ಪ್ರಯಾಣಿಕರು ಕೆಲವರು ಇಳಿಯೋದೇ ಇಲ್ಲ. ಅವತ್ತು ಮೇಲಿನ ಡೆಕ್ ಅವರದ್ದೇ.

ಐದನೆಯದು ನಿಯಮ. ಕಾರ್ನಿವಲ್ ಸಿಬ್ಬಂದಿ ಖಾಲಿ ಕುರ್ಚಿಗೆ ಸಮಯ ಬರೆದ ಚೀಟಿ ಅಂಟಿಸ್ತಾರೆ. 40 ನಿಮಿಷದಲ್ಲಿ ಯಾರೂ ಬರದಿದ್ದರೆ ಟವೆಲ್, ಚಪ್ಪಲಿ ಎತ್ತಿಡ್ತಾರೆ. ನಿಯಮ ಚೆನ್ನಾಗಿದೆ. ಆದ್ರೆ ಕಾಸು ಕೊಟ್ಟು ಬಂದ ಅತಿಥಿಯ ಟವೆಲ್ ಎತ್ತೋಕೆ ಸಿಬ್ಬಂದಿಗೆ ಧೈರ್ಯ ಬೇಕು.

ನನ್ನ ಮಾತು ಇರೋದು ಆರನೆಯದರ ಬಗ್ಗೆ. ಅದು ಬೇಲಿ. ನಾರ್ವೀಜಿಯನ್ ಕಂಪನಿಯ ‘ಹೇವನ್’, ಎಂಎಸ್‌ಸಿಯ ‘ಯಾಟ್ ಕ್ಲಬ್’ ಅಂತ ಕೇಳಿರಬಹುದು. ದುಬಾರಿ ಕೋಣೆ ತೆಗೆದುಕೊಂಡವರಿಗೆ ಹಡಗಿನೊಳಗೇ ಇನ್ನೊಂದು ಹಡಗು. ಅವರಿಗೇ ಬೇರೆ ಕೊಳ, ಬೇರೆ ಕುರ್ಚಿ, ಬಾಗಿಲಿಗೆ ಕಾರ್ಡ್. ನಾರ್ವೀಜಿಯನ್‌ನ ಕೆಲವು ಹಡಗುಗಳಲ್ಲಿ ಸಾಮಾನ್ಯ ಪ್ರಯಾಣಿಕರಿಗೂ ದೊಡ್ಡವರಿಗೆ ಮಾತ್ರವಾದ ಒಂದು ಶಾಂತ ಡೆಕ್ ಇದೆ, ಪಾಸ್‌ಗೆ ಬೇರೆ ದುಡ್ಡು. ಬಾಡಿಗೆಯ ನೆರಳುಗೂಡುಗಳು ಬೇರೆ. ಕಂಪನಿಯವರ ವಾದ ಸುಲಭ, ಬೇಕಾದವರು ಕೊಡ್ತಾರೆ. ಆದ್ರೆ ಡೆಕ್ ರಬ್ಬರ್ ಅಲ್ಲ, ಹಿಗ್ಗಲ್ಲ ಅಂತ ಈಗಷ್ಟೇ ಲೆಕ್ಕ ಹಾಕಿದೆವಲ್ವಾ? ಬೇಲಿಯ ಆ ಕಡೆ ಹೋದ ಪ್ರತಿ ಚದರ ಮೀಟರ್ ಈ ಕಡೆಯವರ ಪಾಲಿನಿಂದಲೇ ಹೋಗೋದು. ಉಳಿದ ಜಾಗಕ್ಕೆ ನೂಕಾಟ ಹೆಚ್ಚುತ್ತೆ, ನೂಕಾಟ ಹೆಚ್ಚಿದಷ್ಟೂ ಪಾಸ್ ಮಾರಾಟ ಸಲೀಸು. ಬೆಳಗ್ಗೆ ಟವೆಲ್ ಹಾಕಿದವನನ್ನು ಬೈಯ್ಯೋಣ, ತಪ್ಪೇನಿಲ್ಲ. ಆದ್ರೆ ಅವನು ಹಾಕಿದ್ದು ಒಂದು ಕುರ್ಚಿಗೆ. ಇಡೀ ಡೆಕ್‌ಗೆ ಕರ್ಚೀಫ್ ಹಾಕಿದವರನ್ನು ಯಾರೂ ಕೇಳಲ್ಲ.

ನಮಗ್ಯಾಕೆ ಇದು ಅಂತೀರಾ? ಕ್ರೂಸ್ ಈಗ ದೂರದ ಮಾತಲ್ಲ. 1990ರಲ್ಲಿ ಸೇವೆಗೆ ಬಂದ ಹಳೆಯ ಹಡಗು, ‘ಎಂಪ್ರೆಸ್’ ಹೆಸರಲ್ಲಿ, ಕಾರ್ಡೇಲಿಯಾ ಕಂಪನಿಯಡಿ 2021ರಿಂದ ಮುಂಬೈನಿಂದ ಓಡ್ತಿದೆ. ನಮ್ಮವರೂ ಮದುವೆ ವಾರ್ಷಿಕೋತ್ಸವ, ಮಕ್ಕಳ ರಜೆ ಅಂತ ಕೂಡಿಟ್ಟ ದುಡ್ಡಲ್ಲಿ ಹೊರಡ್ತಿದ್ದಾರೆ. ಯಾವ ಕಂಪನಿಯೇ ಆಗಲಿ, ಬುಕ್ ಮಾಡುವ ಮುನ್ನ ಜಾಹೀರಾತಿನ ಫೋಟೋ ನೋಡಬೇಡಿ, ಅದರಲ್ಲಿ ಕೊಳ ಯಾವಾಗಲೂ ಖಾಲಿ ಇರುತ್ತೆ. ಡೆಕ್‌ನ ನಕ್ಷೆ ನೋಡಿ. ಗ್ರಾಸ್ ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ, ಐಕಾನ್‌ಗೆ 44 ಬರುತ್ತೆ. ಇದಕ್ಕಿಂತ ಕಡಿಮೆ ಬಂದಷ್ಟೂ ಇಕ್ಕಟ್ಟು ಹೆಚ್ಚು. ಎಷ್ಟು ಜಾಗ ಎಲ್ಲರಿಗೂ, ಎಷ್ಟು ಜಾಗ ದುಡ್ಡಿಗೆ ಅಂತ ಕೇಳಿ. ಇನ್ನೊಂದು ಪ್ರಶ್ನೆ ಮರೆಯಲೇಬೇಡಿ, ಕೊಳದ ಪಕ್ಕ ಲೈಫ್‌ಗಾರ್ಡ್ ಇದ್ದಾರಾ? ರಾಯಲ್ ಕೆರಿಬಿಯನ್‌ನಂಥ ಕಂಪನಿಯೇ ಅವರನ್ನು ತಂದಿದ್ದು 2017ರಲ್ಲಿ. ಎಲ್ಲ ಹಡಗಿನಲ್ಲೂ ಇರಲ್ಲ. ಕಿಕ್ಕಿರಿದ ಚಿಕ್ಕ ಕೊಳದಲ್ಲಿ ಮುಳುಗುತ್ತಿರೋ ಮಗು ಪಕ್ಕದಲ್ಲಿದ್ದವರ ಕಣ್ಣಿಗೇ ಬೀಳಲ್ಲ. ಕುರ್ಚಿ ಸಿಗದಿದ್ದರೆ ಹೋಗಲಿ, ಮಗು ನೀರಲ್ಲಿ ಇರುವಷ್ಟು ಹೊತ್ತು ನೀವು ಅಲ್ಲೇ ನಿಂತಿರಿ.