ಪಿಕಪ್ಪಿನ ಪಾಟಾ, ಹುಕ್‌ನ ಪುಸ್ತಕ, ಡೀಲರ್‌ನ ವಾರಂಟಿ

ಕಿರವತ್ತಿಯ ಓದುಗರೊಬ್ಬರು ಕೇಳಿದ್ದಾರೆ: ‘ಪಿಕಪ್ಪಿನ ಹಿಂದೆ ಎರಡು ಇಂಚಿನ ಪ್ಯಾಕಿಂಗ್ ಕೊಟ್ಟು, ಒಂದು ಪಾಟಾ ಹೆಚ್ಚಿಗೆ ಹಾಕಿಸಿದ್ದೆ. ಈಗ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್ ಹೋಗಿದೆ. ಗಾಡಿ ಎತ್ತರಿಸಿದ್ದೀರಿ, ವಾರಂಟಿ ಪೂರ್ತಿ ರದ್ದು ಅನ್ನುತ್ತಾರೆ ಡೀಲರ್. ಹೌದೇ?’

ಎತ್ತರಿಸುವ ಆಸೆ ಯಾಕೆ ಹುಟ್ಟುತ್ತದೆಂದು ಯಲ್ಲಾಪುರ, ಶಿರಸಿ, ಸಿದ್ದಾಪುರದ ತೋಟದ ದಾರಿ ಕಂಡವರಿಗೆ ಹೇಳಬೇಕಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಚಕ್ರದ ಜಾಡು ಎರಡೂ ಕಡೆ ಆಳಕ್ಕಿಳಿದು ನಡುವೆ ದಿಬ್ಬ ಉಳಿಯುತ್ತದೆ. ಒಂದು ದಿನ ಗೊಬ್ಬರ, ಮರುದಿನ ಚಿರೆಕಲ್ಲು, ಇನ್ನೊಂದು ದಿನ ದರಕು ಹೇರಿದ ಗಾಡಿಯ ಹೊಟ್ಟೆ ಅದಕ್ಕೆ ಉಜ್ಜುತ್ತದೆ. ಆದರೆ ಗ್ಯಾರೇಜಿನಲ್ಲಿ ಯಾರೂ ಹೇಳದ ಒಂದು ಮಾತಿದೆ. ಪ್ಯಾಕಿಂಗ್ ಕೂರುವುದು ಹಿಂದಿನ ಆಕ್ಸಲ್‌ನ ಹೌಸಿಂಗ್ ಮತ್ತು ಪಾಟಾದ ನಡುವೆ. ಅದರಿಂದ ಮೇಲೇಳುವುದು ಚಾಸಿ, ಬಾಡಿ, ಡೀಸೆಲ್ ಟ್ಯಾಂಕು. ದಿಬ್ಬಕ್ಕೆ ಮೊದಲು ತಾಗುವ ಹೌಸಿಂಗ್ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದರ ಎತ್ತರ ಟೈರಿನ ಅಳತೆಗೆ ಕಟ್ಟುಬಿದ್ದದ್ದು. ಎರಡು ಇಂಚಿಗೆ ಹಣ ತೆತ್ತವರಿಗೆ ಅನೇಕ ಸಲ ಸಿಕ್ಕಿರುವುದು ಬಾಡಿಯ ಠೀವಿ ಮಾತ್ರ.

ಇನ್ನು ಪಾಟಾದ ವಿಷಯ. ಹಳ್ಳಕ್ಕೆ ಅಡಿಕೆ ದಬ್ಬೆಯ ಸಂಕ ಹಾಕಿದ್ದೀರಿ ಎಂದುಕೊಳ್ಳಿ. ಒಬ್ಬ ನಡುವೆ ನಿಂತರೆ ನಾಲ್ಕು ಬೆರಳು ಬಾಗುತ್ತದೆ. ಅಷ್ಟೇ ತೂಕದ ಇನ್ನೊಬ್ಬ ಬಂದು ನಿಂತರೆ ಎಂಟು ಬೆರಳು. ಈಗ ಮೇಲೆ ಇನ್ನೊಂದು ದಬ್ಬೆ ಸುಮ್ಮನೆ ಇಡಿ, ಮೊಳೆ ಹೊಡೆಯಬೇಡಿ. ಎರಡೂ ಒಂದರ ಮೇಲೊಂದು ಜಾರುತ್ತಾ ಬಾಗುತ್ತವೆ, ಬಾಗು ಅರ್ಧಕ್ಕಿಳಿಯುತ್ತದೆ. ಅವೆರಡನ್ನೂ ಜಾರದಂತೆ ಬಿಗಿದು ಒಂದೇ ದಪ್ಪ ಹಲಗೆಯಂತೆ ಮಾಡಿದರೆ ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಹಾಗಿದ್ದರೆ ಒಂದೇ ದಪ್ಪ ಹಲಗೆ ಹಾಕಬಾರದೇಕೆ? ಅದನ್ನು ನಾಲ್ಕು ಬೆರಳು ಬಾಗಿಸಲು ಹೋದರೆ ಕೆಳಮೈಯ ನಾರು ಅತಿಯಾಗಿ ಹಿಗ್ಗಿ ಸೀಳುತ್ತದೆ. ತೆಳು ದಬ್ಬೆಗಳ ಕಟ್ಟು ಅಷ್ಟೇ ಬಾಗಿದರೂ ಒಂದೊಂದರ ಮೈ ಹಿಗ್ಗುವುದು ಕಡಿಮೆ. ಲಾರಿಯ ಪಾಟಾ ಸೆಟ್ಟು ಇದೇ ಸಂಕ. ಮರದ ಬದಲು ಉಕ್ಕು, ಹಳ್ಳದ ದಡಗಳ ಬದಲು ಚಾಸಿಯ ಎರಡು ಕೊಂಡಿ, ಬುಡ ಮೇಲಾಗಿಸಿದೆ ಅಷ್ಟೇ. ಪಾಟಾಗಳ ನಡುವಿನ ತಿಕ್ಕಾಟ ಗಾಡಿ ಕುಣಿಯುವುದನ್ನೂ ತಡೆಯುತ್ತದೆ. ಐದು ಪಾಟಾಕ್ಕೆ ಅಂಥದ್ದೇ ಆರನೆಯದು ಸೇರಿಸಿದರೆ ಬಿಗುವು ಸುಮಾರು ಐದನೇ ಒಂದು ಭಾಗ ಹೆಚ್ಚುತ್ತದೆ, ಅದೇ ಲೋಡಿಗೆ ಗಾಡಿ ಕೂರುವುದು ಆರನೇ ಒಂದು ಭಾಗ ಕಡಿಮೆಯಾಗುತ್ತದೆ.

ಭಾರ ಎರಡು ಪಟ್ಟಾದರೆ ಬಾಗು ಎರಡು ಪಟ್ಟು ಎಂಬ ನಿಯಮ ಇಂಗ್ಲೆಂಡಿನ ರಾಬರ್ಟ್ ಹುಕ್‌ನದು. ಈತ ಭಾರೀ ಅನುಮಾನದ ಆಸಾಮಿ. ಕಂಡುಹಿಡಿದದ್ದನ್ನು ಬೇರೆಯವರು ಕದಿಯಬಾರದು, ಮೊದಲಿಗ ತಾನೇ ಎಂಬ ದಾಖಲೆಯೂ ಇರಬೇಕು ಎಂದು 1676ರ ಪುಸ್ತಕವೊಂದರ ಕೊನೆಯಲ್ಲಿ ಈ ನಿಯಮವನ್ನು ಹದಿನಾಲ್ಕು ಅಕ್ಷರಗಳ ಒಗಟಾಗಿ ಅಚ್ಚುಮಾಡಿಸಿದ. ಬಿಡಿಸಿ ಹೇಳಿದ್ದು 1678ರಲ್ಲಿ: ಹಿಗ್ಗು ಎಷ್ಟೋ ಬಲ ಅಷ್ಟು. ಸೂರ್ಯನನ್ನು ನೋಡುವ ಉಪಕರಣಗಳ ಕುರಿತ ಆ 1676ರ ಪುಸ್ತಕದಲ್ಲೇ ಇನ್ನೊಂದು ಸಾಧನದ ವರ್ಣನೆಯೂ ಇದೆ. ಕೋನದಲ್ಲಿ ಕೂಡಿದ ಎರಡು ಸರಳುಗಳಲ್ಲಿ ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುವ ಕೀಲು ಅದು. ನಮ್ಮ ಓದುಗರ ಗಾಡಿಯಲ್ಲಿ ಕೆಟ್ಟಿರುವುದು ಅದೇ ಕೀಲಿನ ಕ್ರಾಸ್. ಒಂದೇ ಪುಸ್ತಕದ ಎರಡು ವಿಷಯಗಳು ಮುನ್ನೂರೈವತ್ತು ವರ್ಷದ ಬಳಿಕ ಒಂದೇ ಪಿಕಪ್ಪಿನ ಅಡಿಯಲ್ಲಿ ಹೀಗೆ ಜಗಳಕ್ಕೆ ಬಿದ್ದಿರುವುದು ನನಗಂತೂ ರುಚಿಕಟ್ಟಾದ ಸಂಗತಿ.

ಹುಕ್‌ನ ಕೀಲಿಗೆ ಒಂದು ಚಾಳಿಯಿದೆ. ಗೇರ್‌ಬಾಕ್ಸಿನ ಕಡೆಯ ಸರಳು ಒಂದೇ ವೇಗದಲ್ಲಿ ತಿರುಗಿದರೂ ಕೋನದ ಆಚೆಯದು ಪ್ರತಿ ಸುತ್ತಿಗೆ ಎರಡು ಸಲ ಓಡುತ್ತದೆ, ಎರಡು ಸಲ ತಡೆಯುತ್ತದೆ. 5 ಡಿಗ್ರಿ ಕೋನದಲ್ಲಿ ಈ ಏರಿಳಿತ ಶೇ. 0.4ರಷ್ಟು, ಲೆಕ್ಕಕ್ಕಿಲ್ಲ. 10 ಡಿಗ್ರಿಯಲ್ಲಿ ಶೇ. 1.5. ಅಂದರೆ ಕೋನ ಎರಡು ಪಟ್ಟಾದರೆ ಏರಿಳಿತ ನಾಲ್ಕು ಪಟ್ಟು. ನಿಮಿಷಕ್ಕೆ 2000 ಸುತ್ತು ತಿರುಗುವ ಶಾಫ್ಟಿನಲ್ಲಿ ಈ ಜಗ್ಗಾಟ ಸೆಕೆಂಡಿಗೆ ಸುಮಾರು 67 ಸಲ ನಡೆಯುತ್ತದೆ, ಪೆಟ್ಟು ತಿನ್ನುವುದು ಕ್ರಾಸಿನ ಸೂಜಿ ಬೇರಿಂಗು. ಶಾಫ್ಟಿನ ಎರಡೂ ತುದಿಯ ಕೋನಗಳು ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಕಂಪನಿಯ ಎಂಜಿನಿಯರ್ ಹಾಗೆಯೇ ಕೂರಿಸಿರುತ್ತಾನೆ.

ಎರಡು ಇಂಚಿನ ಪ್ಯಾಕಿಂಗ್ ಏನು ಮಾಡುತ್ತದೆ? ಶಾಫ್ಟು ನಾಲ್ಕು ಅಡಿಯದಾದರೆ ಎರಡೂ ಕೋನಗಳು ಎರಡೂವರೆ ಡಿಗ್ರಿಯ ಹತ್ತಿರ ಹೆಚ್ಚುತ್ತವೆ, ಸಮತೆ ಬಹುಮಟ್ಟಿಗೆ ಉಳಿಯುತ್ತದೆ. ಕ್ರಾಸಿನ ಆಯಸ್ಸು ಕಡಿಮೆಯಾದೀತು, ವಾರದಲ್ಲಿ ಮುರಿಯದು. ಪಾಟಾದ ಹಿಂತುದಿಯನ್ನು ಚಾಸಿಗೆ ಕೂಡಿಸುವ ಶ್ಯಾಕಲ್ ಉದ್ದ ಮಾಡಿ ಎತ್ತರಿಸಿದ್ದರೆ ಕಥೆ ಬೇರೆ. ಎರಡು ಇಂಚು ಏಳಿಸಲು ಶ್ಯಾಕಲ್ ನಾಲ್ಕು ಇಂಚು ಉದ್ದವಾಗಬೇಕು. ಆಗ ಹೌಸಿಂಗೇ ನಾಲ್ಕೈದು ಡಿಗ್ರಿ ಓರೆಯಾಗಿ ಸಮತೆ ತಪ್ಪುತ್ತದೆ, ಗಾಡಿ ನಡುಗತೊಡಗುತ್ತದೆ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬ್ರೇಕು. ಅನೇಕ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಹೌಸಿಂಗಿಗೂ ನಡುವೆ ಸಣ್ಣ ಸರಳಿನ ಕೊಂಡಿ ಇರುತ್ತದೆ. ಅದು ಲೋಡ್ ಅಳೆಯುವ ಬ್ರೇಕ್ ವಾಲ್ವಿನದು. ಲೋಡ್ ಬಿದ್ದು ಚಾಸಿ ಕುಳಿತಷ್ಟೂ ಹಿಂದಿನ ಚಕ್ರಕ್ಕೆ ಹೆಚ್ಚು ಬ್ರೇಕ್ ಒತ್ತಡ ಬಿಡುತ್ತದೆ, ಗಾಡಿ ಖಾಲಿಯಾಗಿ ಚಾಸಿ ಮೇಲಿದ್ದರೆ ಹಿಂಚಕ್ರ ಜಾರದಂತೆ ಒತ್ತಡ ತಗ್ಗಿಸುತ್ತದೆ. ಪ್ಯಾಕಿಂಗ್ ಕೊಟ್ಟು ಕೊಂಡಿಯನ್ನು ಹೊಂದಿಸದೆ ಬಿಟ್ಟರೆ, ತುಂಬಿದ ಗಾಡಿಯನ್ನೂ ವಾಲ್ವು ಖಾಲಿ ಎಂದೇ ತಿಳಿಯುತ್ತದೆ. ಪಾಟಾ ಹೆಚ್ಚಿಸಿದರೂ ಅದೇ ಪಾಡು. ಚಿರೆಕಲ್ಲು ಹೇರಿಕೊಂಡು ಅರಬೈಲ್ ಘಟ್ಟ ಇಳಿಯುವಾಗ ದುಡಿಯಬೇಕಾದ ಹಿಂದಿನ ಬ್ರೇಕು ಅರೆಮನಸ್ಸಿನಿಂದ ಹಿಡಿಯುತ್ತದೆ, ಮುಂದಿನದು ಕಾದು ಸೋಲುತ್ತದೆ. ಲಿಫ್ಟ್ ಕಿಟ್ ಹೊಗಳುವ ವಿಡಿಯೊಗಳಲ್ಲಿ ಈ ಸರಳಿನ ಮಾತು ಬರುವುದೇ ಅಪರೂಪ. ತಿರುವಿನಲ್ಲಿ ವಾಲುವ ಭಯ ಎಲ್ಲರಿಗೂ ಗೊತ್ತಿರುವುದೇ.

ಅದೇ ವಿಡಿಯೊಗಳಲ್ಲಿ ‘ಕಾನೂನಿನ ಪ್ರಕಾರ ವಾರಂಟಿ ರದ್ದು ಮಾಡುವಂತಿಲ್ಲ’ ಎಂಬ ಧೈರ್ಯವೂ ಸಿಗುತ್ತದೆ. ಅದು ಅಮೆರಿಕದ 1975ರ ಮ್ಯಾಗ್ನುಸನ್–ಮಾಸ್ ಕಾಯ್ದೆಯ ನೆರಳು. ಇಲ್ಲಿಗೆ ಅದು ಅನ್ವಯಿಸದು. ನಮ್ಮಲ್ಲಿ ಹತ್ತಿರದ್ದೆಂದರೆ ಭಾರತೀಯ ಸ್ಪರ್ಧಾ ಆಯೋಗದ 2014ರ ಆಗಸ್ಟ್ ಆದೇಶ. ಬಿಡಿಭಾಗಗಳ ವಿಷಯದಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿದ ಆ ಆದೇಶ, ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದೆಂದು ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದಿತು. ಬಳಿಕ ಮೇಲ್ಮನವಿಗಳು ನಡೆದವು. ಆದೇಶ ರಿಪೇರಿಗೆ ಸಂಬಂಧಿಸಿದ್ದು, ಗಾಡಿ ಎತ್ತರಿಸುವುದಕ್ಕಲ್ಲ. ಆದರೂ ಅದರ ತರ್ಕ ಗಟ್ಟಿ: ಬದಲಾವಣೆಗೂ ಕೆಟ್ಟ ಭಾಗಕ್ಕೂ ನಂಟು ಇರಬೇಕು.

ಇನ್ನೊಂದು ಬದಿಯಲ್ಲಿ ಕಂಪನಿಯ ಕೈಯೂ ಖಾಲಿಯಿಲ್ಲ. ಮಾರ್ಪಾಡು, ಓವರ್‌ಲೋಡ್ ಎರಡನ್ನೂ ವಾರಂಟಿ ಪುಸ್ತಕದಲ್ಲಿ ಹೊರಗಿಡುವುದು ರೂಢಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 87ನೇ ಕಲಮು, ಹಾನಿಯಾದಾಗ ಸರಕು ಮಾರ್ಪಾಡಾಗಿದ್ದರೆ ಮಾರಾಟಗಾರನ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ನಿಲ್ಲದು ಎನ್ನುತ್ತದೆ. ಕಂಪನಿ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಪಾಟಾ ಎಷ್ಟೇ ಸೇರಿಸಿ, ಆರ್‌ಸಿಯಲ್ಲಿ ಬರೆದ ತೂಕ ಒಂದು ಕಿಲೋ ಹೆಚ್ಚುವುದಿಲ್ಲ. ಓವರ್‌ಲೋಡ್ ದಂಡ ಈಗ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000.

ಓದುಗರ ಪ್ರಶ್ನೆಗೆ ನನ್ನ ತೀರ್ಪು ಹೀಗೆ. ಕ್ರಾಸಿನ ವಿಷಯದಲ್ಲಿ ಡೀಲರ್ ಪಕ್ಷ ಬಲವಾಗಿದೆ, ಕೋನ ಬದಲಾದದ್ದು ನಿಜ, ಕ್ರಾಸ್ ಸವೆಯಲು ಅದು ಕಾರಣವಾಗಬಲ್ಲದು. ಆದರೂ ಬಿಚ್ಚಿ ನೋಡಬೇಕು. ಬೇರಿಂಗ್ ಕೂರುವ ಮೈಯಲ್ಲಿ ಸೂಜಿ ಒತ್ತಿದ ಗೆರೆಗಳು ಮೂಡಿದ್ದರೆ ಅತಿಭಾರ, ಕೋನದ ಕಡೆ ಬೆರಳು ಹೋಗುತ್ತದೆ. ಗ್ರೀಸೇ ಇಲ್ಲದೆ ತುಕ್ಕು ಹಿಡಿದಿದ್ದರೆ ವಾದ ಬೇರೆ ದಾರಿ ಹಿಡಿಯುತ್ತದೆ. ‘ವಾರಂಟಿ ಪೂರ್ತಿ ರದ್ದು’ ಎಂಬ ಮಾತನ್ನು ಮಾತ್ರ ಒಪ್ಪಬೇಡಿ. ನಾಳೆ ಆಲ್ಟರ್ನೇಟರ್ ಕೆಟ್ಟರೆ ಅದಕ್ಕೂ ಪ್ಯಾಕಿಂಗಿಗೂ ಏನು ನಂಟು?

ನಿರಾಕರಣೆಯನ್ನು ಕಾರಣ ಸಮೇತ ಬರಹದಲ್ಲಿ ಕೇಳಿ, ತೆಗೆದ ಕ್ರಾಸನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ. ಹೊಟ್ಟೆಪಾಡಿಗೆ ಸ್ವಂತ ದುಡಿಮೆಯಲ್ಲಿ ಓಡಿಸುವ ಗಾಡಿಯಾದರೆ ನೀವೂ ಗ್ರಾಹಕರೇ, ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಅದಕ್ಕೂ ಮೊದಲು, ಈ ವಾರವೇ, ಒಳ್ಳೆಯ ಮಿಸ್ತ್ರಿಯ ಹತ್ತಿರ ಆ ಬ್ರೇಕ್ ವಾಲ್ವಿನ ಕೊಂಡಿಯನ್ನು ಪರೀಕ್ಷೆ ಮಾಡಿಸಿ.